ಒಂದೊಂದು ಕಾಲಿಗೂ ಒಂದೊಂದು ನಕ್ಷೆ

ರಾಯಚೂರು ಸೀಮೆಯ ಆಡುಮಾತಿನಲ್ಲಿ, ಕಾಲಿನ ಚರ್ಮದಡಿ ಹಗ್ಗದಂತೆ ತಿರುಚಿಕೊಂಡು ಎದ್ದು ಕಾಣುವ ನೀಲಿ ನಾಳಗಳಿಗೆ ‘ನರ’ ಎಂದೇ ಹೆಸರು. ‘ಕಾಲಾಗಿನ ನರ ಉಬ್ಯಾವ’, ‘ನರ ಗಂಟು ಕಟ್ಟ್ಯಾವ’ ಎಂದು ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಹೇಳುವ ಈ ತೊಂದರೆಗೆ ವೈದ್ಯಶಾಸ್ತ್ರದ ಅರ್ಥದಲ್ಲಿನ ನರಗಳೊಂದಿಗೆ, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸಂದೇಶಗಳನ್ನು ಒಯ್ಯುವ ತಂತುಗಳೊಂದಿಗೆ ಯಾವ ಸಂಬಂಧವೂ ಇಲ್ಲ. ಉಬ್ಬಿರುವುದು ಅಭಿಧಮನಿ, ಕಾಲಿನ ರಕ್ತವನ್ನು ಹೃದಯದತ್ತ ಮರಳಿ ಕೊಂಡೊಯ್ಯುವ ನಾಳ. ಹೆಸರಿನ ಈ ಬೆರಕೆಯಿಂದ ಆಗುವ ನಷ್ಟ ಸಣ್ಣದಲ್ಲ, ಏಕೆಂದರೆ ನರದ ದೌರ್ಬಲ್ಯವೆಂದು ನಂಬಿದವರು ಶಕ್ತಿಯ ಸೂಜಿ ಮತ್ತು ಮಾತ್ರೆಗಳಲ್ಲಿ ವರ್ಷಗಳನ್ನು ಕಳೆಯುವ ಹೊತ್ತಿಗೆ ಕಣಕಾಲಿನ ಚರ್ಮ ಕಪ್ಪಾಗಿ, ಗಡುಸಾಗಿ, ಕೊನೆಗೆ ಹುಣ್ಣಾಗಿ ಒಡೆಯುವ ಹಂತಕ್ಕೆ ಬಂದಿರುತ್ತದೆ.

ಹೃದಯದಿಂದ ಕಾಲಿಗೆ ಇಳಿಯುವ ರಕ್ತಕ್ಕೆ ಹೃದಯದ ಬಡಿತವೇ ಬಲವಾದರೆ, ಕಾಲಿನಿಂದ ಮೇಲಕ್ಕೆ ಏರುವ ರಕ್ತಕ್ಕೆ ಮೀನಖಂಡದ ಸ್ನಾಯುಗಳು ಹಿಂಡುವ ಬಲವೇ ಆಧಾರ. ಮನುಷ್ಯ ಅಲುಗಾಡದೆ ನಿಂತಾಗ ಕಣಕಾಲಿನ ಅಭಿಧಮನಿಯಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 80ರಿಂದ 90 ಮಿಲಿಮೀಟರ್ ಒತ್ತಡವಿರುತ್ತದೆ. ಹತ್ತಾರು ಹೆಜ್ಜೆ ನಡೆದರೆ, ಆರೋಗ್ಯವಂತ ಕಾಲಿನಲ್ಲಿ ಅದು ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಸ್ನಾಯುಗಳು ಮೇಲಕ್ಕೆ ಒತ್ತಿದ ರಕ್ತ ಮತ್ತೆ ಕೆಳಗೆ ಬೀಳದಂತೆ ತಡೆಯುವುದು ನಾಳದೊಳಗಿನ ಎರಡೆರಡು ತೆಳು ಎಸಳುಗಳ ಕವಾಟ. ಕವಾಟ ಸಡಿಲಗೊಂಡು, ಏರಿದ ರಕ್ತ ಹಿಂದಕ್ಕೆ ಜಾರಿ, ನಡೆದರೂ ಒತ್ತಡ ಇಳಿಯದೆ ಉಳಿಯುವ ಸ್ಥಿತಿಯನ್ನೇ ಅಭಿಧಮನಿಗಳ ಕೊರತೆ ಎಂದೂ, ಹಾಗೆ ಹಿಂದಕ್ಕೆ ಜಾರುವ ರಕ್ತವನ್ನು ಹಿಮ್ಮುಖ ಹರಿವು ಎಂದೂ ಕರೆಯುತ್ತಾರೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ದೋಆಬಿನಲ್ಲಿ ಬದುಕುವವರಿಗೆ ಈ ಹಿಮ್ಮುಖ ಹರಿವು ಅಪರಿಚಿತ ಸಂಗತಿಯಲ್ಲ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯ ಬಳಿ ಕೃಷ್ಣೆ ಉಕ್ಕಿದಾಗ, ನದಿಯನ್ನು ಸೇರಬೇಕಾದ ಹಳ್ಳಗಳ ನೀರು ಹಿಂದಕ್ಕೆ ಒತ್ತಿ ದಂಡೆಯ ಹೊಲಗಳಲ್ಲಿ ನಿಲ್ಲುತ್ತದೆ. ಹೊಲ ಕೆಟ್ಟಿತೆಂದು ಹೊಲದಲ್ಲಷ್ಟೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಹಳ್ಳ ಎಲ್ಲಿ ನದಿಯನ್ನು ಕೂಡುತ್ತದೆ, ನೀರು ಎಲ್ಲಿಂದ ಹಿಂತಿರುಗಿತು ಎಂಬುದನ್ನು ನೋಡಬೇಕು. ಕಾಲಿನ ಉಬ್ಬಿದ ನಾಳದ ವಿಚಾರದಲ್ಲೂ ಹಾಗೆಯೇ: ಕಣ್ಣಿಗೆ ಕಾಣುವುದು ನೀರು ನಿಂತ ಹೊಲ, ಮೂಲವಿರುವುದು ಒಂದೂವರೆ ಎರಡಡಿ ಮೇಲೆ, ತೊಡೆಸಂದಿನಲ್ಲೋ ಮೊಣಕಾಲಿನ ಹಿಂದಿನ ಕುಳಿಯಲ್ಲೋ ಇರುವ ಒಂದು ಕೂಡುಸ್ಥಳದಲ್ಲಿ.

ಬತ್ತದ ನಾಟಿಯ ದಿನಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗದ ಗದ್ದೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಗಿ ನಿಲ್ಲುವ ಹೆಣ್ಣುಮಕ್ಕಳು, ರಾಯಚೂರಿನ ಅಕ್ಕಿ ಗಿರಣಿ ಮತ್ತು ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಕೂಲಿಕಾರರು, ಹೋಟೆಲಿನ ಒಲೆಯ ಮುಂದಿನ ಅಡುಗೆಯವರು, ಸಂಚಾರಿ ಪೊಲೀಸರು, ಬಸ್ ನಿರ್ವಾಹಕರು, ದಾದಿಯರು, ಶಿಕ್ಷಕರು, ಇವರೆಲ್ಲರ ಕೆಲಸದಲ್ಲಿ ನಿಲುವು ಹೆಚ್ಚು, ನಡಿಗೆ ಕಡಿಮೆ. ಹಾಗಾಗಿ ಮೀನಖಂಡದ ಪಂಪು ಕೆಲಸಮಾಡಲು ಅವಕಾಶವೂ ಕಡಿಮೆ. ಇದರ ಜೊತೆಗೆ ವಂಶದ ಪ್ರವೃತ್ತಿ, ವಯಸ್ಸು, ಮೇಲಿಂದ ಮೇಲೆ ಬಂದ ಬಸಿರು, ಬೊಜ್ಜು, ಹಿಂದೊಮ್ಮೆ ಆಳದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಇವು ಸೇರಿಕೊಂಡರೆ ಕವಾಟಗಳು ಬೇಗ ಸೋಲುತ್ತವೆ. ಇದನ್ನು ಹೆಂಗಸರ ಕಾಯಿಲೆಯೆಂದು ತಿಳಿಯುವುದೂ ಸರಿಯಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 18ರಿಂದ 64 ವರ್ಷದ 1,566 ಮಂದಿಯನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯ ನಾಳಗಳು ಉಬ್ಬಿದ್ದವರು ಗಂಡಸರಲ್ಲಿ ಶೇ 40ರಷ್ಟು, ಹೆಂಗಸರಲ್ಲಿ ಶೇ 32ರಷ್ಟು ಇದ್ದರು.

ಎರಡು ಪದರ, ನೂರಾರು ಕೊಂಡಿ

ಕಾಲಿನ ಅಭಿಧಮನಿಗಳು ಎರಡು ಪದರಗಳಲ್ಲಿ ಹರಡಿವೆ. ಸ್ನಾಯುಗಳ ನಡುವೆ, ಮೂಳೆ ಮತ್ತು ಅಪಧಮನಿಗಳ ಪಕ್ಕದಲ್ಲಿ ಸಾಗುವ ಆಳದ ನಾಳಗಳು ಕಾಲಿನ ರಕ್ತದ ಬಹುಪಾಲನ್ನು, ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಹೊರುತ್ತವೆ. ಚರ್ಮಕ್ಕೂ ಸ್ನಾಯುವಿನ ಹೊದಿಕೆಗೂ ನಡುವೆ ಇರುವ ಮೇಲ್ಪದರದ ನಾಳಗಳಲ್ಲಿ ಎರಡು ಮುಖ್ಯವಾದವು. ಒಂದು, ಪಾದದ ಒಳಗೆಣ್ಣಿನ ಮುಂಭಾಗದಿಂದ ಹೊರಟು ಕಾಲಿನ ಒಳಮಗ್ಗುಲಲ್ಲಿ ಏರಿ ತೊಡೆಸಂದಿನಲ್ಲಿ ಆಳದ ನಾಳವನ್ನು ಕೂಡುವ ಮಹಾ ಸಫೀನಸ್ ಅಭಿಧಮನಿ. ಇನ್ನೊಂದು, ಹೊರಗೆಣ್ಣಿನ ಹಿಂದಿನಿಂದ ಮೀನಖಂಡದ ನಡುವೆ ಏರಿ ಸಾಮಾನ್ಯವಾಗಿ ಮೊಣಕಾಲಿನ ಹಿಂದಿನ ಕುಳಿಯಲ್ಲಿ ಆಳಕ್ಕೆ ಇಳಿಯುವ ಕಿರು ಸಫೀನಸ್ ಅಭಿಧಮನಿ. ಸಫೀನಸ್ ಎಂಬ ಹೆಸರು ‘ಎದ್ದು ಕಾಣುವುದು’ ಎಂಬ ಗ್ರೀಕ್ ಮಾತಿನಿಂದ ಬಂದಿತೋ ‘ಅಡಗಿರುವುದು’ ಎಂಬ ಅರಬ್ಬಿ ಮಾತಿನಿಂದ ಬಂದಿತೋ ಎಂದು ವಿದ್ವಾಂಸರಲ್ಲಿ ವಾದವಿದೆ. ಕಣಕಾಲಿನ ಬಳಿ ಕಾಣಿಸಿಕೊಂಡು ತೊಡೆಯಲ್ಲಿ ಮರೆಯಾಗುವ ಈ ನಾಳಕ್ಕೆ ಎರಡೂ ಒಪ್ಪುತ್ತವೆ. ಮೇಲ್ಪದರವನ್ನೂ ಆಳದ ಪದರವನ್ನೂ ಅಲ್ಲಲ್ಲಿ ಬೆಸೆಯುವ ಸಣ್ಣ ನಾಳಗಳಿಗೆ ಕೊಂಡಿನಾಳಗಳೆನ್ನಬಹುದು. ಒಂದೊಂದು ಕಾಲಿನಲ್ಲಿಯೂ ಅವು ನೂರಕ್ಕಿಂತ ಹೆಚ್ಚಿವೆ, ಮತ್ತು ಅವುಗಳಲ್ಲಿ ಮುಖ್ಯವಾದವುಗಳ ಕವಾಟಗಳು ರಕ್ತವನ್ನು ಹೊರಗಿನಿಂದ ಒಳಕ್ಕೆ ಮಾತ್ರ ಬಿಡುತ್ತವೆ.

ಪಠ್ಯಪುಸ್ತಕದ ಈ ಚಿತ್ರ ಆರಂಭಕ್ಕೆ ಸರಿಯೇ ಆದರೂ ಎಷ್ಟೋ ಕಾಲುಗಳು ಅದಕ್ಕೆ ಹೊಂದುವುದಿಲ್ಲ. ಕಿರು ಸಫೀನಸ್ ನಾಳ ಕೆಲವರಲ್ಲಿ ಮೊಣಕಾಲಿನ ಮಡಿಕೆಯ ಸಮೀಪದಲ್ಲಿಯೇ ಆಳಕ್ಕೆ ಇಳಿದರೆ, ಕೆಲವರಲ್ಲಿ ಹಲವು ಸೆಂಟಿಮೀಟರ್ ಮೇಲೆ ಹೋಗಿ ಇಳಿಯುತ್ತದೆ. ಇನ್ನು ಕೆಲವರಲ್ಲಿ ಅಲ್ಲಿ ಕೂಡುಸ್ಥಳವೇ ಇರದೆ, ತೊಡೆಯ ಹಿಂಭಾಗದಲ್ಲಿ ಮುಂದುವರಿದು ಸುತ್ತಿ ಬಂದು ಮಹಾ ಸಫೀನಸ್ ನಾಳವನ್ನೇ ಸೇರುತ್ತದೆ. ಈ ಸೇರುನಾಳವನ್ನು 1873ರಲ್ಲಿ ವಿವರಿಸಿದವನು ಇಟಲಿಯ ಅಂಗರಚನಾ ಶಾಸ್ತ್ರಜ್ಞ ಕಾರ್ಲೊ ಜಿಯಾಕೊಮಿನಿ; ಇಂದಿಗೂ ಅದಕ್ಕೆ ಅವನದೇ ಹೆಸರು. ತೊಡೆಸಂದಿನ ಕವಾಟ ಕೆಟ್ಟಾಗ ರಕ್ತ ಈ ದಾರಿಯಲ್ಲಿ ಮೀನಖಂಡಕ್ಕೆ ಇಳಿದು, ಉಬ್ಬು ಕಾಲಿನ ಹಿಂಭಾಗದಲ್ಲಿ ಕಾಣಿಸಿಕೊಂಡರೂ ಮೂಲ ಮುಂಭಾಗದಲ್ಲಿರುವುದು ಸಾಧ್ಯ. ಹಾಗೆಯೇ ತೊಡೆಯ ಮುಂಮಗ್ಗುಲಲ್ಲಿ ಸಾಗುವ ಉಪ ಸಫೀನಸ್ ನಾಳವೊಂದು ಕೆಲವರಲ್ಲಿ ತಾನೇ ಸೋತು, ಮಹಾ ಸಫೀನಸ್ ನಾಳ ಮಾತ್ರ ಆರೋಗ್ಯವಾಗಿಯೇ ಉಳಿದಿರುತ್ತದೆ.

ಆಳದ ಪದರದಲ್ಲಿಯೂ ಇಂಥ ಭೇದಗಳಿವೆ. ತೊಡೆಯ ಆಳದ ಅಭಿಧಮನಿ ಮತ್ತು ಮೊಣಕಾಲಿನ ಹಿಂದಿನ ಅಭಿಧಮನಿ ಬಹಳ ಮಂದಿಯಲ್ಲಿ ಸ್ವಲ್ಪ ದೂರ ಜೋಡಿಯಾಗಿ ಹರಿಯುತ್ತವೆ. ಜೋಡಿಯ ಒಂದರಲ್ಲಿ ರಕ್ತ ಹೆಪ್ಪುಗಟ್ಟಿ ಇನ್ನೊಂದು ತೆರೆದಿದ್ದರೆ, ಒಂದನ್ನೇ ನೋಡಿ ಎಲ್ಲವೂ ಸರಿಯಿದೆಯೆಂದು ಬರೆದುಬಿಡುವ ಅಪಾಯವಿದೆ. ಇದೇ ತೊಡೆಯ ನಾಳಕ್ಕೆ ಇಂಗ್ಲಿಷ್ ವೈದ್ಯಪುಸ್ತಕಗಳಲ್ಲಿ ದೀರ್ಘಕಾಲ ‘ಮೇಲ್ಪದರದ ತೊಡೆನಾಳ’ ಎಂಬ ಅರ್ಥದ ಹೆಸರಿತ್ತು. ಹೆಸರು ಕೇಳಿದ ವೈದ್ಯರು ಅದನ್ನು ಚರ್ಮದಡಿಯ ನಾಳವೆಂದು ಭಾವಿಸಿ ಅಲ್ಲಿನ ಹೆಪ್ಪನ್ನು ಹಗುರವಾಗಿ ತೆಗೆದುಕೊಳ್ಳುವ ಸಂಭವವಿರುವುದರಿಂದ, ಆ ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಎರವಾಗಬಹುದೆಂದು 1995ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಎಚ್ಚರಿಕೆ ಪ್ರಕಟವಾಯಿತು. 2001ರಲ್ಲಿ ರೋಮ್ ನಗರದಲ್ಲಿ ಸೇರಿದ ತಜ್ಞರು ಆ ಹೆಸರನ್ನು ಕೈಬಿಟ್ಟರು. ವಿಜ್ಞಾನಿಗಳ ಹೆಸರಿನಲ್ಲಿ ಕರೆಯುತ್ತಿದ್ದ ಕೊಂಡಿನಾಳಗಳನ್ನೂ ಅವು ಇರುವ ಜಾಗದಿಂದಲೇ ಗುರುತಿಸಬೇಕೆಂದು ತೀರ್ಮಾನಿಸಿದರು. ರಾಯಚೂರಿನ ‘ನರ’ ಎಂಬ ಮಾತು ರೋಗಿಯನ್ನು ದಾರಿ ತಪ್ಪಿಸಿದಂತೆ ಪುಸ್ತಕದ ಮಾತೊಂದು ವೈದ್ಯನನ್ನೂ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ನಿಂತ ಕಾಲಿನ ಪರೀಕ್ಷೆ

ಅಭಿಧಮನಿಯ ಕವಾಟಗಳನ್ನು ಚಿತ್ರಸಹಿತ ವಿವರಿಸಿದ ಪುಸ್ತಕವನ್ನು ಪಾದುವಾದ ಫ್ಯಾಬ್ರಿಸಿಯಸ್ 1603ರಲ್ಲಿ ಪ್ರಕಟಿಸಿದ. ಅವನಲ್ಲಿ ಕಲಿತ ವಿಲಿಯಂ ಹಾರ್ವೆ 1628ರಲ್ಲಿ, ಆ ಕವಾಟಗಳು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುತ್ತವೆಂದು ತೋರಿಸಿ ರಕ್ತಪರಿಚಲನೆಯ ಸಿದ್ಧಾಂತಕ್ಕೆ ಆಧಾರ ಮಾಡಿಕೊಂಡ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1890ರ ಸುಮಾರಿಗೆ ರೂಪಿಸಿದ, ರೋಗಿಯನ್ನು ಮಲಗಿಸಿ ಕಾಲೆತ್ತಿ ನಾಳವನ್ನು ಒತ್ತಿ ಹಿಡಿದು ನಿಲ್ಲಿಸಿ ನೋಡುವ ಪರೀಕ್ಷೆಯನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಆದರೆ ಕೈಯಿಂದ ಮಾಡುವ ಇಂಥ ಪರೀಕ್ಷೆಗಳು ಹಿಮ್ಮುಖ ಹರಿವು ಇದೆಯೆಂದು ಸೂಚಿಸಬಲ್ಲವೇ ಹೊರತು ಅದು ಯಾವ ದಾರಿಯಲ್ಲಿ ಬರುತ್ತಿದೆಯೆಂದು ಹೇಳಲಾರವು. ಆ ದಾರಿಯನ್ನು ಕಣ್ಣೆದುರಿಗೆ ತಂದದ್ದು ಡಾಪ್ಲರ್ ಸ್ಕ್ಯಾನಿಂಗ್. ಕಿವಿಗೆ ಕೇಳದ ಶಬ್ದದ ಅಲೆಗಳಿಂದ ನಾಳದ ಆಕಾರವನ್ನೂ, ಪ್ರಾಗ್ ನಗರದಲ್ಲಿ 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದ ತತ್ತ್ವದಿಂದ ರಕ್ತ ಹರಿಯುವ ದಿಕ್ಕು ಮತ್ತು ವೇಗವನ್ನೂ ಒಟ್ಟಿಗೆ ತೋರಿಸುವ ವಿಧಾನ.

ಈ ಪರೀಕ್ಷೆಯ ಮೊದಲ ನಿಯಮ, ರೋಗಿ ನಿಂತಿರಬೇಕು ಎಂಬುದು. ಮಲಗಿದವನ ನಾಳಗಳಲ್ಲಿ ರಕ್ತದ ಭಾರ ಇರುವುದಿಲ್ಲವಾದ್ದರಿಂದ ಸೋತ ಕವಾಟವೂ ಚೆನ್ನಾಗಿರುವಂತೆ ತೋರಬಹುದು. ಮೆಟ್ಟಿಲಿನಂಥ ಪೀಠದ ಮೇಲೆ ನಿಂತು, ಭಾರವನ್ನೆಲ್ಲ ಇನ್ನೊಂದು ಕಾಲಿನ ಮೇಲೆ ಹಾಕಿ, ಪರೀಕ್ಷಿಸುವ ಕಾಲನ್ನು ಸಡಿಲ ಬಿಟ್ಟು ಹೊರಕ್ಕೆ ತಿರುಗಿಸಿರಬೇಕು. ವೈದ್ಯರು ತೊಡೆಸಂದಿನಿಂದ ಆರಂಭಿಸುತ್ತಾರೆ. ಅಲ್ಲಿ ಅಡ್ಡಲಾಗಿ ನೋಡಿದಾಗ ಪರದೆಯ ಮೇಲೆ ಒಂದು ದೊಡ್ಡ ವೃತ್ತ ಮತ್ತು ಅದರ ನೆತ್ತಿಯ ಎರಡು ಬದಿಗೆ ಎರಡು ಸಣ್ಣ ವೃತ್ತಗಳು ಮೂಡುತ್ತವೆ. ದೊಡ್ಡದು ಆಳದ ಅಭಿಧಮನಿ, ಹೊರಬದಿಯ ಸಣ್ಣದು ಅಪಧಮನಿ, ಒಳಬದಿಯ ಸಣ್ಣದು ಮಹಾ ಸಫೀನಸ್. ಅಲ್ಲಿಂದ ಕೆಳಗೆ ತೊಡೆಯಲ್ಲಿ ಆ ನಾಳ, ಮೇಲೊಂದು ಕೆಳಗೊಂದು ಹೊಳೆಯುವ ಪೊರೆಗಳ ನಡುವೆ ರೆಪ್ಪೆಗಳೊಳಗಿನ ಕಣ್ಣುಪಾಪೆಯಂತೆ ಕಾಣುತ್ತದೆ. ಪುರಾತನ ಈಜಿಪ್ಟಿನ ಚಿತ್ರಗಳಲ್ಲಿ ಬರೆದ ಕಣ್ಣನ್ನು ಹೋಲುವ ಈ ನೋಟವೇ ವೈದ್ಯರಿಗೆ ಗುರುತು: ಕಣ್ಣಿನೊಳಗೆ ಇರುವುದು ಸಫೀನಸ್, ಕಣ್ಣನ್ನು ದಾಟಿ ಚರ್ಮದ ಕಡೆಗೆ ಬಂದದ್ದು ಅದರ ಕವಲು. ಮಹಾ ಸಫೀನಸ್ ನಾಳ ಜೋಡಿಯಾಗಿದೆಯೆಂದು ಹಿಂದೆ ಹೇಳುತ್ತಿದ್ದ ಎಷ್ಟೋ ಕಾಲುಗಳಲ್ಲಿ ಎರಡನೆಯದು ಹೀಗೆ ಕಣ್ಣಿನ ಹೊರಗೆ ಸಮಾನಾಂತರವಾಗಿ ಸಾಗುವ ಕವಲು ಮಾತ್ರ. ಒಂದೇ ಕಣ್ಣಿನೊಳಗೆ ಎರಡು ನಾಳಗಳಿರುವ ನಿಜವಾದ ಜೋಡಿ ವಿರಳ. ಕೆಲವು ಕಾಲುಗಳಲ್ಲಿ ಮೊಣಕಾಲಿನ ಆಸುಪಾಸಿನಲ್ಲಿ ಕಣ್ಣು ಬರಿದಾಗಿಯೇ ಇದ್ದು, ಅಷ್ಟು ದೂರ ರಕ್ತ ಹೊರಗಿನ ಕವಲಿನಲ್ಲಿ ಸಾಗಿ ಮತ್ತೆ ಒಳಗೆ ಬರುತ್ತದೆ.

ಆಕಾರದ ಬಳಿಕ ಹರಿವಿನ ಪರೀಕ್ಷೆ. ವೈದ್ಯರು ಮೀನಖಂಡವನ್ನು ಕೈಯಿಂದ ಹಿಂಡಿ ಬಿಟ್ಟಾಗ ರಕ್ತ ಮೇಲಕ್ಕೆ ಚಿಮ್ಮಿ, ಕವಾಟಗಳು ಮುಚ್ಚಿಕೊಂಡರೆ ಅಲ್ಲಿಯೇ ನಿಲ್ಲುತ್ತದೆ. ಮುಚ್ಚಿಕೊಳ್ಳದಿದ್ದರೆ ಕೆಳಗೆ ಇಳಿಯುತ್ತದೆ, ಪರದೆಯ ಬಣ್ಣ ನೀಲಿಯಿಂದ ಕೆಂಪಿಗೋ ಕೆಂಪಿನಿಂದ ನೀಲಿಗೋ ಬದಲಾಗುತ್ತದೆ. ಕವಾಟ ಮುಚ್ಚಲು ಬೇಕಾದ ಒಂದು ಕ್ಷಣ ಎಲ್ಲರಲ್ಲೂ ಸ್ವಲ್ಪ ರಕ್ತ ಹಿಂದೆ ಸರಿಯುವುದರಿಂದ, ಎಷ್ಟು ಹೊತ್ತು ಹಿಂದೆ ಹರಿಯಿತು ಎಂಬುದೇ ಅಳತೆ. ಮೇಲ್ಪದರದ ನಾಳಗಳಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು, ತೊಡೆ ಮತ್ತು ಮೊಣಕಾಲಿನ ಆಳದ ನಾಳಗಳಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಹಿಮ್ಮುಖ ಹರಿವಿದ್ದರೆ ಅದನ್ನು ದೋಷವೆಂದು ಪರಿಗಣಿಸುತ್ತಾರೆ. ವಾಸಿಯಾದ ಅಥವಾ ತೆರೆದ ಹುಣ್ಣಿನ ಕೆಳಗಿರುವ ಕೊಂಡಿನಾಳ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲವಾಗಿದ್ದು, ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತವನ್ನು ಹೊರಕ್ಕೆ ಬಿಡುತ್ತಿದ್ದರೆ ಅದೂ ಚಿಕಿತ್ಸೆಗೆ ಅರ್ಹ.

ಇಲ್ಲಿ ರೋಗಿಗಳು ತಿಳಿದಿರಬೇಕಾದ ಒಂದು ಭೇದವಿದೆ. ಕಾಲಿನ ಅಭಿಧಮನಿಗಳ ಡಾಪ್ಲರ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಪರೀಕ್ಷೆಗಳು ನಡೆಯುತ್ತವೆ. ರೋಗಿಯನ್ನು ಮಲಗಿಸಿ, ಆಳದ ನಾಳವನ್ನು ಒತ್ತಿ ನೋಡಿ, ಅದು ಪೂರ್ತಿ ಚಪ್ಪಟೆಯಾದರೆ ಒಳಗೆ ಹೆಪ್ಪಿಲ್ಲವೆಂದು ತೀರ್ಮಾನಿಸುವುದು ಒಂದು. ನಿಲ್ಲಿಸಿ ಹಿಮ್ಮುಖ ಹರಿವಿನ ದಾರಿಯನ್ನು ಗುರುತಿಸುವುದು ಇನ್ನೊಂದು. ಮೊದಲನೆಯದನ್ನಷ್ಟೇ ಮಾಡಿ ‘ಹೆಪ್ಪಿಲ್ಲ’ ಎಂದು ಬರೆದ ವರದಿಯನ್ನು ‘ಕಾಲಿನ ನಾಳಗಳೆಲ್ಲ ಸರಿಯಿವೆ’ ಎಂದು ಓದಿಕೊಂಡರೆ, ದೋಷ ಮುಂದುವರಿಯುತ್ತಲೇ ಇರುತ್ತದೆ.

ನಕ್ಷೆ ಬದಲಾದರೆ ಚಿಕಿತ್ಸೆಯೂ ಬದಲು

ಕಾಲಿನ ನಕ್ಷೆಗೆ ಇಷ್ಟು ಮಹತ್ವವೇಕೆಂದರೆ ಚಿಕಿತ್ಸೆಯ ಪ್ರತಿಯೊಂದು ಹೆಜ್ಜೆಯೂ ಅದನ್ನೇ ಅವಲಂಬಿಸಿದೆ. ನಾಳವನ್ನು ಕಟ್ಟಿ ಎಳೆದು ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆಯ ಜಾಗವನ್ನು ಈ ಶತಮಾನದ ಆರಂಭದಿಂದ ಲೇಸರ್ ಮತ್ತು ರೇಡಿಯೊ ತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚುವ ವಿಧಾನಗಳು, ಹಾಗೂ ನೊರೆಯಂಥ ಔಷಧವನ್ನು ನಾಳದೊಳಗೆ ಬಿಡುವ ವಿಧಾನ ತುಂಬುತ್ತಿವೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2013ರಲ್ಲಿ ಶಾಖದ ಚಿಕಿತ್ಸೆಗೆ ಮೊದಲ ಸ್ಥಾನವನ್ನೂ, ಅದು ಹೊಂದದಿದ್ದರೆ ನೊರೆಗೂ, ಆಮೇಲೆ ಶಸ್ತ್ರಚಿಕಿತ್ಸೆಗೂ ಸ್ಥಾನ ಕೊಟ್ಟಿತು. ಆದರೆ ಅದಕ್ಕೆಲ್ಲ ಮೊದಲು ಡಾಪ್ಲರ್ ಪರೀಕ್ಷೆ ಆಗಬೇಕೆಂದೂ ಹೇಳಿತು. ಲೇಸರಿನ ತಂತು ನೇರವಾದ ನಾಳದಲ್ಲಿ ಸಾಗಬಲ್ಲದು, ತಿರುಚಿದ ಕವಲಿನಲ್ಲಿ ಸಾಗಲಾರದು; ನಾಳ ಕಣ್ಣಿನೊಳಗಿದೆಯೋ ಹೊರಗಿದೆಯೋ ಎಂಬುದು ಗೊತ್ತಿಲ್ಲದೆ ಯಾವ ವಿಧಾನವೆಂದು ನಿರ್ಧರಿಸಲಾಗದು. ಮೊಣಕಾಲಿನ ಹಿಂದೆ, ಕಾಲಿನ ಚಲನೆ ಮತ್ತು ಸ್ಪರ್ಶಕ್ಕೆ ಬೇಕಾದ, ನಿಜವಾದ ಅರ್ಥದ ನರಗಳು ಕಿರು ಸಫೀನಸ್ ನಾಳದ ಪಕ್ಕದಲ್ಲಿಯೇ ಹಾದುಹೋಗುವುದರಿಂದ, ಕೂಡುಸ್ಥಳದ ಎತ್ತರ ತಿಳಿಯದೆ ಅಲ್ಲಿ ಕತ್ತಿಯಿಡುವುದು ಅಪಾಯಕರ.

ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವಿದೆ. ಹಿಂದೊಮ್ಮೆ ಬಾಣಂತನದಲ್ಲಿಯೋ ಮೂಳೆ ಮುರಿದು ಹಾಸಿಗೆ ಹಿಡಿದಾಗಲೋ ಆಳದ ನಾಳದಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚಿದ್ದರೆ, ಚರ್ಮದಡಿಯ ನಾಳಗಳು ಆ ರಕ್ತವನ್ನು ಹೊರಲು ಪರ್ಯಾಯ ದಾರಿಯಾಗಿ ಹಿಗ್ಗಿರಬಹುದು. ಹೆದ್ದಾರಿ ಮುಚ್ಚಿದಾಗ ಬಂಡಿಯೆಲ್ಲ ಹಾಯುವ ಅಡ್ಡದಾರಿಯನ್ನೂ ಕೆಡಿಸಿದಂತೆ, ಅಂಥ ನಾಳಗಳನ್ನು ತೆಗೆದರೆ ಕಾಲು ಇನ್ನಷ್ಟು ಊದಿಕೊಳ್ಳುತ್ತದೆ. ಎಡಗಾಲೊಂದೇ ಊದಿರುವವರಲ್ಲಿ ಹೊಟ್ಟೆಯೊಳಗೆ ಬಲಗಡೆಯ ಅಪಧಮನಿ ಎಡಗಡೆಯ ಅಭಿಧಮನಿಯನ್ನು ಒತ್ತುತ್ತಿರುವುದೂ ಉಂಟು. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು ವಿವರಿಸಿದ ಈ ರಚನೆಯನ್ನು ಕಾಲಿನ ಪರೀಕ್ಷೆಯೊಂದರಿಂದಲೇ ಕಂಡುಹಿಡಿಯಲಾಗದು, ಹೊಟ್ಟೆಯವರೆಗೂ ಹುಡುಕಬೇಕಾಗುತ್ತದೆ. ಮಹಾ ಸಫೀನಸ್ ನಾಳವೇ ಮುಂದೊಂದು ದಿನ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬೇಕಾಗುವ ನಾಳವೂ ಹೌದಾದ್ದರಿಂದ, ಸೋಲದ ನಾಳವನ್ನು ಸೋತಿದೆಯೆಂದು ಊಹಿಸಿ ತೆಗೆಯುವುದು ರೋಗಿಯ ಆಸ್ತಿಯನ್ನು ಕಳೆದಂತೆ.

ವಾಸಿಯಾಗದ ಹುಣ್ಣು

ಅಭಿಧಮನಿಗಳ ಕೊರತೆಯ ತೀವ್ರತೆಯನ್ನು ವೈದ್ಯರು ಸೊನ್ನೆಯಿಂದ ಆರರವರೆಗಿನ ಹಂತಗಳಲ್ಲಿ ಅಳೆಯುತ್ತಾರೆ. ಒಂದರಲ್ಲಿ ಜೇಡರಬಲೆಯಂಥ ಎಳೆಗಳು, ಎರಡರಲ್ಲಿ ಉಬ್ಬಿದ ನಾಳಗಳು, ಮೂರರಲ್ಲಿ ಬಾವು, ನಾಲ್ಕರಲ್ಲಿ ಚರ್ಮದ ಬದಲಾವಣೆ, ಐದರಲ್ಲಿ ವಾಸಿಯಾದ ಹುಣ್ಣು, ಆರರಲ್ಲಿ ತೆರೆದ ಹುಣ್ಣು. ಒಳಗೆಣ್ಣಿನ ಮೇಲ್ಭಾಗದಲ್ಲಿ, ಸುತ್ತ ಕಪ್ಪಾದ ಚರ್ಮದ ನಡುವೆ ಆಳವಿಲ್ಲದೆ ಹರಡುವ ಹುಣ್ಣು ಬಹುತೇಕ ಅಭಿಧಮನಿಯದು; ಅಂಗಾಲಿನಲ್ಲಿ ನೋವಿಲ್ಲದೆ ಆಗುವುದು ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಸ್ಪರ್ಶ ಕಳೆದುಕೊಂಡ ಪಾದದ್ದು; ಬೆರಳ ತುದಿಯಲ್ಲಿ ತೀವ್ರ ನೋವಿನೊಂದಿಗೆ ಆಗುವುದು ಅಪಧಮನಿ ಮುಚ್ಚಿದ ಕಾಲಿನದು. ಕಲ್ಯಾಣ ಕರ್ನಾಟಕದಲ್ಲಿ ಆನೆಕಾಲು ರೋಗದ ನೆನಪು ಇನ್ನೂ ಹಸಿಯಾಗಿರುವುದರಿಂದ ಕಾಲು ಊದಿದರೆ ಅದೇ ಎಂಬ ಊಹೆಯೂ ಸಹಜ. ಆದರೆ ಆನೆಕಾಲಿನ ಬಾವು ಪಾದದ ಮೇಲ್ಭಾಗ ಮತ್ತು ಬೆರಳುಗಳನ್ನೂ ಆವರಿಸಿ ಗಟ್ಟಿಯಾಗುತ್ತದೆ, ಅಭಿಧಮನಿಯ ಬಾವು ಕಣಕಾಲಿನ ಸುತ್ತ ಸಂಜೆಗೆ ಏರಿ ಬೆಳಗಿಗೆ ಇಳಿಯುತ್ತದೆ. ಸಂದೇಹವಿದ್ದಲ್ಲಿ ನಿರ್ಣಯ ಕೊಡುವುದು ಇದೇ ಡಾಪ್ಲರ್.

ಹುಣ್ಣಿಗೆ ಮುಲಾಮು ಹಚ್ಚುತ್ತ ಕಾಯುವುದಕ್ಕಿಂತ ಹಿಮ್ಮುಖ ಹರಿವಿನ ಮೂಲವನ್ನು ಬೇಗ ಮುಚ್ಚುವುದೇ ಲೇಸೆಂಬುದಕ್ಕೆ ಈಗ ಗಟ್ಟಿ ಆಧಾರವಿದೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಪಟ್ಟಿಯ ಜೊತೆಗೆ ನಾಳವನ್ನೂ ಬೇಗ ಮುಚ್ಚಿದವರ ಹುಣ್ಣು ವಾಸಿಯಾಗಲು ತಗುಲಿದ ಮಧ್ಯಾಂಕ ಅವಧಿ 56 ದಿನವಾದರೆ, ಆ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ 82 ದಿನವಾಯಿತು. ಕೂಲಿಯಿಂದ ಬದುಕುವ ಮನೆಗೆ ಆ 26 ದಿನಗಳ ಬೆಲೆ ಏನೆಂಬುದನ್ನು ವಿವರಿಸಬೇಕಿಲ್ಲ. ಬಿಗಿಪಟ್ಟಿ ಹುಣ್ಣಿನ ಚಿಕಿತ್ಸೆಯ ಬೆನ್ನೆಲುಬಾದರೂ, ಅಪಧಮನಿಯೇ ಮುಚ್ಚಿರುವ ಕಾಲಿಗೆ ಅದನ್ನು ಬಿಗಿದರೆ ಬೆರಳುಗಳೇ ಸಾಯಬಹುದಾದ್ದರಿಂದ, ಮುಖ್ಯವಾಗಿ ಬೀಡಿ ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ, ಮೊದಲು ಅಪಧಮನಿಯ ಹರಿವನ್ನು ನೋಡಲೇಬೇಕು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಬಿಗಿ ಕಾಲುಚೀಲ ತೊಡುವುದು ಕಷ್ಟ; ಆ ದಿನಗಳಲ್ಲಿ ಮಂಚದ ಕಾಲುಗಡೆಗೆ ಎರಡೆರಡು ಇಟ್ಟಿಗೆಯಿಟ್ಟು ಮಲಗುವುದು, ನಿಂತಲ್ಲಿಯೇ ಹಿಮ್ಮಡಿಯೆತ್ತಿ ಇಳಿಸುತ್ತ ಮೀನಖಂಡಕ್ಕೆ ಕೆಲಸ ಕೊಡುವುದು ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಮೇಲ್ಭಾಗದಲ್ಲಿ ಬಟ್ಟೆ ಬಿಗಿಯುವುದು ತಪ್ಪು, ಅದರಿಂದ ರಕ್ತಸ್ರಾವ ಹೆಚ್ಚಬಹುದು; ರೋಗಿಯನ್ನು ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆತ್ತಿ, ಒಡೆದ ಜಾಗವನ್ನೇ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ಐವತ್ತು ಕಿಲೋಮೀಟರಿನ ಅಂತರ

ಮಾನ್ವಿಯೂ ದೇವದುರ್ಗವೂ ರಾಯಚೂರಿನಿಂದ ಹೆಚ್ಚುಕಡಿಮೆ ಐವತ್ತು ಕಿಲೋಮೀಟರಿನ ದೂರದಲ್ಲಿವೆ. ನಗರದಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯವಿಜ್ಞಾನ ಸಂಸ್ಥೆ, ಅಂದರೆ ರಿಮ್ಸ್, ಮತ್ತು 2001ರಿಂದ ಇರುವ ನವೋದಯ ವೈದ್ಯಕೀಯ ಕಾಲೇಜು ಇವೆ. ಆದರೆ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ಒಂದಾದ ದೇವದುರ್ಗದ ಕೂಲಿ ಮಹಿಳೆಗೆ, ಒಂದು ದಿನದ ಸ್ಕ್ಯಾನಿಂಗ್ ಎಂದರೆ ತನ್ನ ಮತ್ತು ಜೊತೆಗೆ ಬರುವವರ ಕೂಲಿ, ಬಸ್ ಚಾರ್ಜು, ಸರದಿಗೆ ಕಾದು ನಿಲ್ಲುವ ಹೊತ್ತು ಎಲ್ಲವೂ ಸೇರಿದ ಖರ್ಚು. ಯಂತ್ರವನ್ನೇ ಹಳ್ಳಿಗೆ ಒಯ್ಯೋಣವೆಂದರೆ, ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು ರೂಪುಗೊಂಡ 1994ರ ಕಾಯ್ದೆಯಂತೆ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾದ ಜಾಗದಲ್ಲಿಯೇ ಇರಬೇಕು. ಹೊತ್ತೊಯ್ಯುವ ಯಂತ್ರಗಳಿಗೂ ಕಟ್ಟುನಿಟ್ಟಿನ ಮಿತಿಗಳಿವೆ. ಹೆಣ್ಣುಮಕ್ಕಳನ್ನು ಉಳಿಸುವ ಆ ಕಾನೂನನ್ನು ಸಡಿಲಿಸದೆ, ತಾಲ್ಲೂಕು ಮಟ್ಟದಲ್ಲಿ ಗರ್ಭಿಣಿಯರ ತಪಾಸಣೆಗೆ ನೋಂದಣಿಯಾಗಿರುವ ಯಂತ್ರಗಳಿಗೆ ಚರ್ಮದ ಸಮೀಪದ ನಾಳಗಳನ್ನು ನೋಡುವ ಪ್ರೋಬನ್ನು ಒದಗಿಸಿ, ಇರುವ ವೈದ್ಯರಿಗೆ ನಿಂತ ಕಾಲಿನ ಪರೀಕ್ಷೆಯ ತರಬೇತಿ ಕೊಡುವುದು ಹೊಸ ಕಟ್ಟಡವಿಲ್ಲದೆಯೂ ಆಗಬಹುದಾದ ಕೆಲಸ, ಆಗಲೇಬೇಕಾದ ಕೆಲಸ.

ಅದು ಆಗುವವರೆಗೂ ಮಾಡಬಹುದಾದದ್ದು ಒಂದು ಚೀಟಿಯಿಂದ ಆರಂಭವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರೋಗಿಯನ್ನು ರಾಯಚೂರಿಗೆ ಕಳಿಸುವಾಗ ‘ಡಾಪ್ಲರ್’ ಎಂಬ ಒಂದೇ ಪದ ಬರೆಯದೆ, ಆಳದ ನಾಳಗಳಲ್ಲಿ ಹೆಪ್ಪಿದೆಯೇ ಎಂಬುದರ ಜೊತೆಗೆ, ನಿಂತ ಭಂಗಿಯಲ್ಲಿ ಹಿಮ್ಮುಖ ಹರಿವು ಎಲ್ಲಿಂದ ಹೊರಡುತ್ತದೆ, ಎಲ್ಲಿಯವರೆಗೆ ಇಳಿಯುತ್ತದೆ, ಕಿರು ಸಫೀನಸ್ ಎಷ್ಟು ಎತ್ತರದಲ್ಲಿ ಕೂಡುತ್ತದೆ, ಸೋತ ಕೊಂಡಿನಾಳಗಳು ಹಿಮ್ಮಡಿಯಿಂದ ಎಷ್ಟು ಸೆಂಟಿಮೀಟರ್ ಮೇಲಿವೆ ಎಂಬುದನ್ನೂ ಕೇಳಬೇಕು; ಪರೀಕ್ಷಿಸಿದವರು ಉತ್ತರವನ್ನು ಮಾತಿನಲ್ಲಿ ಬರೆಯುವುದರ ಜೊತೆಗೆ ಎರಡು ಕಾಲುಗಳ ರೇಖಾಚಿತ್ರದ ಮೇಲೆ ಗುರುತುಮಾಡಿ ಕೊಡಬೇಕು. ಹೊಲದ ನಕ್ಷೆಯನ್ನು ಪಹಣಿಯ ಜೊತೆ ಟ್ರಂಕಿನಲ್ಲಿ ಜೋಪಾನವಾಗಿಡುವ ಮನೆಗಳಲ್ಲಿ ಕಾಲಿನ ಆ ನಕ್ಷೆಗೂ ಒಂದು ಜಾಗ ಸಿಕ್ಕರೆ, ಮುಂದಿನ ಸಲ ಹುಣ್ಣು ಒಡೆದಾಗ ಮಾನ್ವಿಯ ವೈದ್ಯರೂ ರಾಯಚೂರಿನ ಶಸ್ತ್ರತಜ್ಞರೂ ಒಂದೇ ಹಾಳೆಯನ್ನು ನೋಡಿ, ಹರಿವು ತಪ್ಪಿದ ಜಾಗಕ್ಕೆ ನೇರವಾಗಿ ಕೈಹಾಕಬಹುದು.